ಅಲುಗಬಾರದ ಮೇಜು

ಆಯುಧಪೂಜೆಯ ಮರುದಿನ ರಜೆಯಾದರೂ ಉಪನ್ಯಾಸಕಿ ಗಂಗಾಂಬಿಕೆ ಕಾಲೇಜಿಗೆ ಬಂದು ಕೆಮಿಸ್ಟ್ರಿ ಲ್ಯಾಬಿನ ಬಾಗಿಲು ತೆಗೆದವಳೇ ಹಣೆ ಚಚ್ಚಿಕೊಂಡಳು. ನೆಲ ಥಳಥಳ ಹೊಳೆಯುತ್ತಿತ್ತು. ಮೇಜಿನ ಕಾಲುಗಳಿಗೆ ವಿಭೂತಿ, ಕುಂಕುಮ. ಮೇಲಿನ ಬೀಕರಿನ ತಳದಲ್ಲಿ ಹಿಟ್ಟಿನಂಥ ನೀಲಿ ಪುಡಿ.

ಅವಳಿಗೆ ಬೇಕಿದ್ದದ್ದು ಒಂದೇ ಒಂದು ಚಂದದ ಹರಳು. ತಾಮ್ರದ ಉಪ್ಪನ್ನೂ ಒಂದು ಸಾವಯವ ವಸ್ತುವನ್ನೂ ಕರಗಿಸಿಟ್ಟರೆ, ತಾಮ್ರ ಮೂಲೆಗೆ ನಿಂತು, ಆ ವಸ್ತುವಿನ ಉದ್ದನೆಯ ಅಣುಗಳು ತೊಲೆಯಾಗಿ, ಪುಟ್ಟ ಪೆಟ್ಟಿಗೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ ಎಂಬುದು ಅವಳ ನಂಬಿಕೆ. ಅವು ಸಾಲಾಗಿ ಕೂತು ಹರಳಾದರೆ ಬೆಂಗಳೂರಿನ ಎಕ್ಸ್-ರೇ ಯಂತ್ರ ನಿಜವನ್ನು ತೋರಿಸುತ್ತದೆ. ಬೀಕರ್ ಅಲುಗಿದರೆ ಹರಳಿಲ್ಲ, ಬರೀ ಪುಡಿ. ಯಂತ್ರ ಸಿಗುವುದು ದೀಪಾವಳಿ ಕಳೆದ ಸೋಮವಾರ ಮಾತ್ರ. ತಪ್ಪಿದರೆ ಇಷ್ಟು ವರ್ಷದ ಪಿಎಚ್‌ಡಿ ನೀರಿನಲ್ಲಿ ಹೋಮ.

"ಬೀಕರ್ ಮುಟ್ಟಬೇಡಿ ಅಂತ ಬಾಯಿ ಬಡ್ಕೊಂಡಿದ್ನಲ್ರೀ!" ಎಂದು ಅಟೆಂಡರ್ ಏಕಾಂತಯ್ಯನ ಮೇಲೆ ಹರಿಹಾಯ್ದಳು.

"ದೇವರಾಣೆ ಮುಟ್ಟಿಲ್ಲ ಮೇಡಂ. ನಾನೂ ವಾಚ್‌ಮನ್ ರಂಗಣ್ಣನೂ ಮೇಜನ್ನೇ ಹೊತ್ಕೊಂಡೋಗಿ ವರಾಂಡದಾಗೆ ಮಡಗಿದ್ವಿ. ನೆಲ ತೊಳ್ದು, ಪೂಜೆ ಮಾಡಿ, ಹಂಗೇ ತಂದ್ವಿ. ಕುಂಕುಮಾನೂ ಗಾಜಿಗೆ ಇಕ್ಕಿಲ್ಲ."

ಈ ನಿಷ್ಠೆಗೆ ಏನೆನ್ನುವುದು! ಹೊರಗೆ ಶಿರಾ ಗೇಟಿನ ರಸ್ತೆಯಲ್ಲಿ ಓಡುವ ಲಾರಿಗಳ ಅದುರಿಗೆ ಹೆದರಿ ಮೇಜಿನ ಕಾಲಡಿ ರಬ್ಬರ್ ಇಟ್ಟವಳು ಅವಳು.

ಪುಣ್ಯಕ್ಕೆ ಆ ಪೆಟ್ಟಿಗೆಗಳು ಹಟಮಾರಿಗಳಲ್ಲ. ಕಾಯಿಸಿದರೆ ಬಿಟ್ಟುಹೋಗುತ್ತವೆ, ಆರಿದರೆ ಮತ್ತೆ ಕೂಡುತ್ತವೆ. ಪುಡಿಯನ್ನು ಕರಗಿಸಿ ಮತ್ತೆ ಇಟ್ಟು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಏಕಾಂತಯ್ಯನಿಗೇ ಕೊಟ್ಟಳು.

"ದೀಪಾವಳಿ ಮುಗಿಯೋವರೆಗೂ ಯಾರನ್ನೂ ಒಳಗೆ ಬಿಡ್ಬೇಡಿ. ಯಾರನ್ನೂ!"

ಶೆಟ್ಟಿಹಳ್ಳಿಯ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ, ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ವಾರ ತುಂಬುವ ಮೊದಲೇ ಲ್ಯಾಬಿನ ಮುಂದೆ ಬಂದು ನಿಂತಳು.

"ಸ್ವಲ್ಪ ಬಾಗಿಲು ತೆಗೀರಿ. ಒಂದ್ಸಲ ಬೀಕರ್ ಎತ್ತಿ ಬೆಳಕಿಗೆ ಹಿಡಿದು ನೋಡ್ತೀನಿ."

"ಆಗಾಕಿಲ್ಲ ಮೇಡಂ. ಯಾರನ್ನೂ ಬುಡಬ್ಯಾಡ ಅಂದಿದ್ರಿ."

"ನಾನು ಯಾರೋ ಏನ್ರೀ?"

ಏಕಾಂತಯ್ಯ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಯನ್ನು ಭದ್ರ ಮಾಡಿಕೊಂಡ.

ಗಂಗಾಂಬಿಕೆಗೆ ಮೈಯೆಲ್ಲ ಉರಿಯಿತು. ತನ್ನ ಲ್ಯಾಬು, ತನ್ನ ಹರಳು! ಅಷ್ಟರಲ್ಲಿ ಬೇಸಿಗೆಯಲ್ಲಿ ಕೆಟ್ಟುಹೋದ ಹರಳು ನೆನಪಾಯಿತು, ಅದಕ್ಕೂ ಮುಂಚಿನದು ನೆನಪಾಯಿತು. ಅವನ್ನು ದಿನಾ ಎತ್ತಿ ಬೆಳಕಿಗೆ ಹಿಡಿದವರು ಯಾರು? ಆಗೆಲ್ಲ ಅವಳು ಲಾರಿಗಳನ್ನು ಬೈದಿದ್ದಳು. ಈ ಯೋಚನೆ ಬಂದು ಸಿಟ್ಟು ಇನ್ನೂ ಹೆಚ್ಚಾಯಿತು. ನೆಲಕ್ಕೆ ಅಪ್ಪಳಿಸಲು ಕಾಲೆತ್ತಿದಳು.

ಬಾಗಿಲಾಚೆಯ ಮೇಜು ನೆನಪಾಗಿ, ಕಾಲನ್ನು ಮೆಲ್ಲಗೆ ಕೆಳಗಿಳಿಸಿದಳು.