ಬಾಗಿಲಿಗಿಂತ ದೊಡ್ಡ ಬೀರು

ಮೂರನೇ ಸಲವೂ ಸ್ಟ್ರೆಚರಿನ ಹಿಡಿ ಹೋಗಿ ಬೀರುವಿಗೇ ಬಡಿಯಿತು. ಖಾಲಿ ಸ್ಟ್ರೆಚರೇ ತಿರುಗದ ಮೇಲೆ ಹೆಣ ಹೊತ್ತದ್ದು ತಿರುಗುವುದೆಲ್ಲಿ ಬಂತು? ಒಳಕೋಣೆಯ ಮಂಚದ ಮೇಲೆ ಬಡಗಿ ನೆಟ್ಟಗೆ ಮಲಗಿದ್ದ. ಕೋಣೆಯ ಬಾಗಿಲಿನೆದುರು, ನಡುಹಾದಿಯ ಅರ್ಧವನ್ನು ನುಂಗಿಕೊಂಡು, ಅವನೇ ಮಾಡಿದ ಮರದ ಬೀರು ನಿಂತಿತ್ತು; ಅತ್ತಿತ್ತ ಸರಿಸಲೂ ಜಾಗವಿರಲಿಲ್ಲ.

“ಆಸ್ಪತ್ರೇಲೇ ಇರಲಿ ಅಂತ ಬಡ್ಕೊಂಡೆ,” ಎಂದರು ಬಡಗಿಯ ಮಗಳ ಗಂಡ. “ಮನೇಲೇ ಸಾಯ್ತೀನಿ ಅಂತ ಹಟ. ಈಗ ಗರಗಸ ತನ್ನಿ, ಕುಯ್ದುಬಿಡೋಣ.”

“ಊರವರ ಬಾಗಿಲೆಲ್ಲ ಅಳೆದ ಪುಣ್ಯಾತ್ಮ,” ಪಕ್ಕದ ಮನೆಯ ದರ್ಜಿ ಮೆಲ್ಲಗೆ ಅಂದ, “ತನ್ನ ಮನೇದು ಮರೆತ.”

ಯಾರೋ ನಗು ನುಂಗಿಕೊಂಡರು. ಕಿರಿಯ ಮಗನಿಗೆ ಮೈಯೆಲ್ಲ ಉರಿಯಿತು. ಇವರ ಕಿಟಕಿ, ಇವರ ತೊಟ್ಟಿಲು, ಇವರು ಉಣ್ಣುವ ಮೇಜು ಎಲ್ಲ ಅಪ್ಪನ ಕೈಯದೇ. ಇವರಿಗೆ ನೆನಪಿರುವುದು ಮಾತ್ರ ಇದೊಂದು ತಪ್ಪು. ಇಪ್ಪತ್ತು ವರ್ಷ ಇದೇ ಮಾತು, ಹೆಣದ ಮುಂದೂ ಇದೇ ಮಾತು.

“ಅದಕ್ಕೆ ಗರಗಸ ಇಟ್ರೆ ನಾನು ಸುಮ್ಮನಿರಲ್ಲ,” ಎಂದಳು ಅಮ್ಮ, ಮಂಚದ ಪಕ್ಕದಿಂದ. ದನಿ ಏರಿಸಲೂ ಇಲ್ಲ.

*

ಇಪ್ಪತ್ತು ವರ್ಷದ ಹಿಂದೆ ಅಮ್ಮನ ಬಟ್ಟೆಗಳೆಲ್ಲ ತಗಡಿನ ಪೆಟ್ಟಿಗೆಯಲ್ಲಿ ಮುದುಡಿ ಬಿದ್ದಿರುತ್ತಿದ್ದವು. ಮಾಡಿದ ಕೆಲಸಗಳಲ್ಲಿ ಉಳಿದ ತುಂಡುಗಳನ್ನು ಕೇಳಿ ತಂದು, ದಿನಾ ಸಂಜೆ ನಡುಹಾದಿಯಲ್ಲೇ ಕೂತು ಅಪ್ಪ ಬೀರು ಜೋಡಿಸತೊಡಗಿದ. ಬೆನ್ನಿನ ಹಲಗೆ ಡಾಕ್ಟರ ಮನೆಯದು, ಒಂದು ಕದ ಶಾಲೆಯ ಮುರಿದ ಬೆಂಚಿನದು. ಮುಗಿದ ಮೇಲೆ ಒಳಕೋಣೆಗೆ ಸಾಗಿಸುವುದೆಂದು ಲೆಕ್ಕ.

“ಹೊದಿಕೆಗೂ ಒಂದು ಖಾನೆ ಇರಲಿ ಕಣ್ರೀ,” ಎಂದಳು ಅಮ್ಮ. ಒಂದು ಗೇಣು ಏರಿತು. “ಮಕ್ಕಳ ಪುಸ್ತಕಕ್ಕೆ?” ಇನ್ನೊಂದು ಗೇಣು.

ಕೊನೆಗೆ ಅಪ್ಪ ಬಾಗಿಲಿಗೆ ಟೇಪು ಹಿಡಿದ. ಟೇಪಿನ ಇನ್ನೊಂದು ತುದಿ ಏಳು ವರ್ಷದ ಮಗನ ಕೈಯಲ್ಲಿತ್ತು. ಅಪ್ಪ ಅಮ್ಮನ ಮುಖ ನೋಡಿದ, ಅಮ್ಮ ನೆಲ ನೋಡಿದಳು.

“ಇಲ್ಲೇ ಚೆನ್ನಾಗಿ ಕಾಣ್ತದೆ ಬಿಡೆ,” ಎಂದ.

ಆಮೇಲೆ ಯಾರು ಎಷ್ಟು ಆಡಿಕೊಂಡರೂ, ಹೆಂಡತಿ ಕೇಳಿದಳು, ಅದಕ್ಕೆ ಏರಿಸಿದೆ ಎಂದು ಆತ ಒಂದು ದಿನವೂ ಬಾಯಿಬಿಡಲಿಲ್ಲ.

*

ಭಾವ ಅಪ್ಪನ ಕೆಲಸದ ಚೀಲದಿಂದ ಗರಗಸ ತೆಗೆದೇಬಿಟ್ಟಿದ್ದರು. ಮಗ ಅವರ ಕೈಯಿಂದ ಅದನ್ನು ಕಿತ್ತುಕೊಂಡ.

“ಸರಿ, ನೀನೇ ಕುಯ್ಯಿ. ನೀನೂ ಬಡಗಿ ತಾನೆ?”

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಹಲಗೆ ಹೊತ್ತವನು ಅವನು. ಬಾಗಿಲು ನೋಡಿದ, ಬೀರು ನೋಡಿದ, ಅಪ್ಪನನ್ನು ನೋಡಿದ. ಮಲಗಿಸಿದರೆ ತಿರುಗದ ಉದ್ದ ಹಲಗೆಯನ್ನು ಇಂಥ ಮೂಲೆಗಳಲ್ಲಿ ಅವರಿಬ್ಬರೂ ದಿನಾ ಹೇಗೆ ದಾಟಿಸುತ್ತಿದ್ದರು?

“ಸ್ಟ್ರೆಚರ್ ಅಂಗಳದಲ್ಲಿಡಿ ಭಾವ. ಅಪ್ಪನ್ನ ನಾನು ಕರ್ಕೊಂಡು ಬರ್ತೀನಿ.”

“ಹೇಗೆ?”

“ನಿಲ್ಲಿಸ್ಕೊಂಡು.”

“ತಲೆ ಕೆಟ್ಟಿದೆಯೇನೋ? ನಾಲ್ಕು ಜನ ಏನಂತಾರೆ?”

“ಇಷ್ಟು ವರ್ಷ ಅಂದದ್ದು ಸಾಲ್ದಾ ಅವರಿಗೆ?”

ಅಮ್ಮ ಎದ್ದು ಗಂಡನ ಅಂಗಿಯ ಮೇಲಿನ ಗುಂಡಿ ಹಾಕಿದಳು. “ನಿಧಾನ ಕಣೋ,” ಎಂದಳು.

ಮಗ ಕಂಕುಳಡಿ ಕೈ ತೂರಿಸಿ ಎತ್ತಿದ. ಸೆಟೆದ ಮೈ ನೇರ ನಿಂತಿತು. ಎದೆಗೆ ಎದೆ ಒತ್ತಿತು, ಗಲ್ಲ ಅವನ ಹೆಗಲ ಮೇಲೆ ಬಂದು ಕೂತಿತು. ತಿಳಿವಳಿಕೆ ಬಂದ ಮೇಲೆ ಅಪ್ಪನನ್ನು ಅವನು ತಬ್ಬಿದ್ದಿಲ್ಲ. ಒಂದೊಂದೇ ಹೆಜ್ಜೆ ಅಡ್ಡಡ್ಡ ಇಟ್ಟ. ಅಪ್ಪನ ಬೆನ್ನು ಬೀರುವನ್ನು ಉದ್ದಕ್ಕೂ ಸವರುತ್ತ ಸಾಗಿತು. ಅದರ ಕದ ತೆರೆದುಕೊಳ್ಳದಂತೆ ಅಮ್ಮ ಅಂಗೈ ಒತ್ತಿ ಹಿಡಿದಿದ್ದಳು.

ಬಡಗಿ ನಿಂತುಕೊಂಡೇ ಹೊಸ್ತಿಲು ದಾಟಿದ. ಅಂಗಳದ ಬೆಂಚುಗಳ ಮೇಲೆ ಕೂತವರು ಒಬ್ಬೊಬ್ಬರಾಗಿ ಎದ್ದು ನಿಂತರು.