ಅಳಬಾರದ ಹುಡುಗಿಯ ಹಲ್ಲು

ಆ ಬೆಳಿಗ್ಗೆ ಗಾಳಿ ಜೋರಾಗಿತ್ತು. ಹಲ್ಲಿನ ಆಸ್ಪತ್ರೆಯ ಕಿಟಕಿಗಳು ಒಂದೇ ಸಮನೆ ಗಡಗಡ ಅಲುಗುತ್ತಿದ್ದವು. ಕುರ್ಚಿಯಲ್ಲಿ ಕೂತ ಏಳು ವರ್ಷದ ಹುಡುಗಿ ಮಾತ್ರ ಅಲುಗಲಿಲ್ಲ. ಅವಳು ಅಳುವ ಹಾಗೇ ಇಲ್ಲ.

ಅವಳದು ಲಕ್ಷಕ್ಕೊಬ್ಬರಿಗೆ ಬರುವಂಥ ಕಾಯಿಲೆ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದ್ದವು. ಬಿಕ್ಕಿಬಿಕ್ಕಿ ಅತ್ತು ಏದುಸಿರು ಬಂದರೆ ಅವು ಇನ್ನಷ್ಟು ಬಿಗಿದು, ಒಂದು ಪಕ್ಕದ ಕೈಕಾಲು ಬಿದ್ದುಹೋಗಬಹುದು. ಹುಳುಕು ಹಲ್ಲೋ ಕೀವುಗಟ್ಟಿತ್ತು. ಮೂರು ಕಡೆ ‘ನಮ್ಮ ಕೈಲಾಗದು’ ಎಂದು ಕಳಿಸಿದ್ದರು. ಇಲ್ಲಿಯ ಡಾಕ್ಟರು ಮಿದುಳಿನ ವೈದ್ಯರನ್ನು ಎರಡು ದಿನ ಕೇಳಿ ಕೇಳಿ ಒಪ್ಪಿಕೊಂಡಿದ್ದರು: ವಸಡನ್ನಷ್ಟೇ ಮರಗಟ್ಟಿಸುವುದು, ಅದಕ್ಕೆ ನಾಳ ಬಿಗಿಸುವ ಅಡ್ರಿನಲಿನ್ ಬೆರೆಸದ ಸಾದಾ ಮದ್ದು.

“ಅಜ್ಜೀ, ತುಂಬಾ ನೋವಾಗುತ್ತಾ?” ಪಕ್ಕದಲ್ಲಿ ನಿಂತಿದ್ದ ಅಜ್ಜಿಯನ್ನು ಹುಡುಗಿ ಕೇಳಿದಳು.

“ನನ್ನ ಮೂವತ್ತೆರಡೂ ಹೋದ್ವು ಪುಟ್ಟೀ. ಈ ಬಾಯಿ ನಿಂತಿದ್ಯಾ, ನೀನೇ ಹೇಳು!”

ಹುಡುಗಿ ಕಿಸಕ್ಕೆಂದಳು.

“ನಗ್ಸೋದೂ ಹದವಾಗಿರ್ಲಿ, ಅಜ್ಜೀ,” ಎಂದರು ಡಾಕ್ಟರು. ಅವರ ಕಣ್ಣು ಮಗುವಿನ ಮುಖದ ಮೇಲೇ ಇತ್ತು. ಕೈ ಮಾತ್ರ ಮೂವತ್ತು ವರ್ಷದ ರೂಢಿಯಂತೆ ದಿನನಿತ್ಯದ ಡಬ್ಬಿಗೆ ಹೋಗಿ, ಒಂದು ಮದ್ದಿನ ಕೊಳವೆ ತೆಗೆದು ಸಿರಿಂಜಿಗೆ ಸೇರಿಸಿತು.

ಸೂಜಿ ಬಾಯಿಗೆ ಹೋಗುವ ಮುನ್ನ ಮದ್ದಿನ ಹೆಸರನ್ನು ಗಟ್ಟಿಯಾಗಿ ಓದುವುದು ನರ್ಸಮ್ಮನ ನೇಮ. ‘ಶುರುವಾಯ್ತು ಪಾರಾಯಣ’ ಎಂದು ಡಾಕ್ಟರೇ ಎಷ್ಟೋ ಸಲ ಛೇಡಿಸಿದ್ದುಂಟು. ಇಂದು ಆಕೆ ಓದಲು ಬಗ್ಗಿದವರು ಸಿರಿಂಜಿಗೆ ಅಂಗೈ ಅಡ್ಡ ಹಿಡಿದರು.

“ತಡೀರಿ ಡಾಕ್ಟ್ರೇ. ಇದು ಅಡ್ರಿನಲಿನ್ ಇರೋದು.”

ಡಾಕ್ಟರು ಸಿರಿಂಜಿನಿಂದ ಅದನ್ನು ಕಿತ್ತರು. ಕೊಳವೆ ಕಸದ ಡಬ್ಬಿ ಸೇರಿತು. “ಸಾದಾದ್ದು ನೀವೇ ಕೊಡಿ. ಓದಿ ಕೊಡಿ.”

ಆಕೆ ಎರಡು ಸಲ ಓದಿದರು.

ಮದ್ದು ತೊಟ್ಟು ತೊಟ್ಟಾಗಿ ಇಳಿಯಿತು. “ಹೂವು ಮೂಸಿದ ಹಾಗೆ ಉಸಿರೆಳ್ಕೋ ಕಂದ. ಮೆಲ್ಲಗೆ ಬಿಡು,” ಎನ್ನುತ್ತಿದ್ದರು ನರ್ಸಮ್ಮ. ಸಾದಾ ಮದ್ದಿನ ಜೋಮು ಬೇಗ ಇಳಿಯುತ್ತದೆ; ಅಷ್ಟರೊಳಗೆ ಕೆಲಸ ಮುಗಿಯಬೇಕು.

“ಯಾವಾಗ ಕೀಳ್ತೀರಾ?” ಹುಡುಗಿ ತೊದಲಿದಳು.

“ಕಿತ್ತಾಯ್ತಲ್ಲ, ತಾಯೀ!” ಎಂದರು ಡಾಕ್ಟರು.

ಕೈಗಳಿಗೆ ಏನೂ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಲು ನರ್ಸಮ್ಮ ತಮ್ಮ ಎರಡು ಬೆರಳು ಚಾಚಿದರು. ಹುಡುಗಿ ಎರಡೂ ಕೈಯಿಂದ ಹಿಂಡಿದಳು. ಎಡಗೈಗೂ ಬಲಗೈಗೂ ಒಂದೇ ಶಕ್ತಿ. ದೇವರು ದೊಡ್ಡವನು.

“ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನನ್ನ ಮೊಮ್ಮಗಳು!” ಅಜ್ಜಿಯ ಎದೆಯುಬ್ಬಿತ್ತು. ಡಾಕ್ಟರಿಗೆ ಕೈ ಮುಗಿದಳು. “ಎಂಥಾ ಕೈಗುಣ, ಸ್ವಾಮೀ ನಿಮ್ದು!”

“ನನ್ನ ಕೈ ಇವತ್ತು ತಪ್ಪಿತ್ತು, ಅಜ್ಜೀ. ತಡೆದೋರು ಇವ್ರು,” ಎಂದು ಮೆಲ್ಲಗೆ ಹೇಳಿ, ಡಾಕ್ಟರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಮುಗಿದ ಆ ಕೈಗಳೆದುರು ಈಗ ನರ್ಸಮ್ಮ ನಿಂತಿದ್ದರು.