ಕೆಂಪು ಬಳಿದ ಪ್ಲಗ್

ಕೆಂಪು, ಹೌದು ಕೆಂಪೇ, ಓಟಕ್ಕೆ ನನ್ನ ಮುಂದಿನ ಸಾಲಿನಲ್ಲಿ ನಿಂತ ಲೆಸ್ಲಿಯ ಮೋಟಾರ್‌ಸೈಕಲ್ಲಿನ ಎಂಜಿನ್ ತಲೆಯ ಮೇಲೆ ಕಡಲೆಕಾಳಿನಷ್ಟು ಕೆಂಪು ಬಣ್ಣ, ಬಿಸಿಲು ಬಿದ್ದು ಮಿಂಚುತ್ತಿದೆ, ಅಂದರೆ ಸ್ಪಾರ್ಕ್ ಪ್ಲಗ್ ಬದಲಿಸಿಲ್ಲ, ಎಂಜಿನ್ ಕಾಯಿಸಲು ಬೆಳಿಗ್ಗೆ ಹಾಕಿದ್ದೇ ಇನ್ನೂ ಇದೆ, ಮರೆಯಬಾರದೆಂದೇ ನಾವು ಅದಕ್ಕೆ ಕೆಂಪು ಬಳಿಯುವುದು, ಸಾಲಿಗೆ ಬರುವ ಮುಂಚೆ ಬಿಚ್ಚಿ ಓಟದ ಪ್ಲಗ್ ಹಾಕುವುದು, ಇವನು ಫೋಟೋದವರ ಮುಂದೆ ಹಲ್ಲು ಬಿಡುತ್ತ ನಿಂತ, ಮರೆತ—ಆ ಪ್ಲಗ್ ಓಟದ ಕಾವು ತಡೆಯದು, ಪೂರ್ತಿ ವೇಗದಲ್ಲಿ ಎರಡು ಮೈಲಿ ಹೋದರೆ ಸಾಕು, ಪಿಸ್ಟನ್ ಮೇಣದ ಹಾಗೆ ಕರಗುತ್ತದೆ, ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ, ಆಮೇಲೆ ಕಲ್ಲುಗೋಡೆ. ನನಗೆ ಗೊತ್ತು, ಹೋದ ವರ್ಷ ನನ್ನ ತಮ್ಮ ಜುವಾನ್ ಸತ್ತದ್ದು ಹಾಗೇ, ಇದೇ ರಸ್ತೆಯಲ್ಲಿ, ಇದೇ ಜೂನ್ ತಿಂಗಳಲ್ಲಿ, ಅವತ್ತು ಅವನ ಹಿಂದೆ ನಿಂತಿದ್ದವನು ಲೆಸ್ಲಿ. ಚಳಿಗಾಲದಲ್ಲಿ ಪೀಲ್ ಊರಿನ ಹೆಂಡದಂಗಡಿಯಲ್ಲಿ ಅವನೇ ಬಾಯಿಬಿಟ್ಟ, ನಿನ್ನ ತಮ್ಮನ ಪ್ಲಗ್ ಕೆಂಪಗಿರೋದು ನೋಡಿದ್ದೆ ಕಣೋ ಇಲ್ಯಮ್, ಹೇಳೋದು ನನ್ನ ಕೆಲಸವಾ, ಅವರವರ ಗಾಡಿ ಅವರವರು ನೋಡ್ಕೋಬೇಕು, ನಾನೇನು ಸ್ಪರ್ಧೆಗೆ ಬಂದಿದ್ದೀನಾ ಆಯಾ ಕೆಲಸಕ್ಕಾ—ಎಲ್ಲರೂ ನಕ್ಕರು, ಕೈಯಲ್ಲಿ ಲೋಟ ಹಿಡಿದು ನಾನೂ ನಕ್ಕೆ, ಆ ನಗು ಇನ್ನೂ ಹಲ್ಲಿನ ಸಂದಿಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಯಾರ ತಪ್ಪೂ ಅಲ್ಲ ಮಗಾ, ಅಂದಿದ್ದಳು ಅಮ್ಮ ಜುವಾನ್ ಸತ್ತ ಮೇಲೆ, ಹೊಗೆಯಲ್ಲಿ ಒಣಗಿಸಿದ ಹೆರಿಂಗ್ ಮೀನನ್ನು ನನ್ನ ತಟ್ಟೆಗೆ ಹಾಕುತ್ತ, ಮುಖ ನೋಡದೆ, ಯಾಕೆಂದರೆ ಅವತ್ತು ಜುವಾನನ ಪ್ಲಗ್ ಬದಲಿಸಬೇಕಾಗಿದ್ದವನು ನಾನು, ಸ್ಪ್ಯಾನರ್ ನನ್ನ ಜೇಬಿನಲ್ಲಿತ್ತು, ಓಟದ ಪ್ಲಗ್ ಕೂಡ, ಜರ್ಮನರ ಬೆಳ್ಳಿಬಣ್ಣದ ಗಾಡಿ ನೋಡುತ್ತ ನಿಂತುಬಿಟ್ಟಿದ್ದೆ—ಇಲ್ಲ, ನಾನು ಮರೆತೆ, ಅಷ್ಟೇ, ಲೆಸ್ಲಿ ನೋಡಿದ, ನೋಡಿಯೂ ಸುಮ್ಮನಿದ್ದ, ಮರೆತವನಿಗೂ ಸುಮ್ಮನಿದ್ದವನಿಗೂ ವ್ಯತ್ಯಾಸ ಇಲ್ಲವೇ, ಇರಲೇಬೇಕು, ಇಲ್ಲದಿದ್ದರೆ ನಾನು ಬದುಕುವುದು ಹೇಗೆ. ಮುಂದಿನ ವರ್ಷ ಓಟ ಇರುವುದಿಲ್ಲವಂತೆ, ಯುದ್ಧ ಬರುತ್ತದಂತೆ, ಊರವರಿಗೆಲ್ಲ ವಿಷಗಾಳಿ ತಡೆಯುವ ಮುಖವಾಡ ಹಂಚಿಯಾಯಿತು, ಇವನು ಯಾವುದೋ ದೇಶದ ಕೆಸರಿನಲ್ಲಿ ಯಾರದೋ ಗುಂಡಿಗೆ ಸಾಯಬಹುದು, ಅದು ನನಗೆ ಬೇಡ, ಇದು ಬೇಕು, ಅವನದೇ ಮೌನ ಅವನಿಗೇ ವಾಪಸು, ನಾನು ಕೈ ಕೂಡ ಎತ್ತಬೇಕಾಗಿಲ್ಲ.

ಈಗ ಎಲ್ಲರ ಎಂಜಿನ್ನೂ ಆರಿದೆ, ಬಾವುಟ ಬಿದ್ದ ಮೇಲೆ ತಳ್ಳಿಯೇ ಹೊತ್ತಿಸಬೇಕು, ಅದಕ್ಕೇ ಈ ನಿಶ್ಶಬ್ದ, ಸಾವಿರಾರು ಜನ ಇದ್ದೂ ಯಾರೋ ಕೆಮ್ಮಿದ್ದು ಕೇಳುತ್ತದೆ, ನಾನು ಪಿಸುಗುಟ್ಟಿದರೂ ಅವನಿಗೆ ಕೇಳುತ್ತದೆ. ಲೆಸ್ಲಿ ತಿರುಗಿದ, ಏನೋ ಇಲ್ಯಮ್ ಕಾರ್ಕಿಶ್, ಸತ್ತ ಮೀನಿನ ಹಾಗೆ ನನ್ನನ್ನೇ ನೋಡ್ತಿದ್ದೀಯಲ್ಲ, ಭಯವಾ—ನಕ್ಕ, ಆಮೇಲೆ ನಗು ನಿಲ್ಲಿಸಿ, ಕೈಗವಸಿನ ಬೆರಳನ್ನು ನನ್ನ ಟ್ಯಾಂಕಿನ ಕೆಳಭಾಗದ ಕಡೆ ಚಾಚಿದ, ಪೆಟ್ರೋಲಿನ ನಲ್ಲಿ ಮುಚ್ಚಿದೆ ನೋಡೋ, ತಿರುಗಿಸು. ಮುಚ್ಚಿತ್ತು. ತಿರುಗಿಸಿದೆ. ಯಾಕೆ ಹೇಳಿದ, ಇವತ್ತು ಯಾಕೆ, ಅವತ್ತು ಜುವಾನನಿಗೆ ಆ ಬೆರಳು ಎಲ್ಲಿತ್ತು, ಒಂದೇ ಬೆರಳು, ಒಂದು ಸಲ ಎತ್ತಿದ್ದರೆ—ಹೇಳಬೇಕು, ಈಗ, ಲೆಸ್ಲಿ ನಿನ್ನ ಪ್ಲಗ್ ಅನ್ನಬೇಕು, ಮೂರೇ ಮಾತು, ಹತ್ತು ಸೆಕೆಂಡ್ ಇದೆ, ಐದು, ಬಾಯಿ ತೆರೆದಿದೆ—

ಬಾವುಟ ಬಿತ್ತು, ಅವನು ತಳ್ಳುತ್ತ ಓಡಿದ, ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು, ಎಷ್ಟು ಚೆಂದದ ಸದ್ದು, ಗಾಡಿ ಇಳಿಜಾರಿಗಿಳಿದ ಹಾಗೆ ಸದ್ದು ಏರುತ್ತ ಏರುತ್ತ ಹೋಗುತ್ತಿದೆ, ಒಬ್ಬೊಬ್ಬರನ್ನೇ ಬಿಡುವ ಓಟ, ನನ್ನ ಸರದಿಗೆ ಇನ್ನು ಅರ್ಧ ನಿಮಿಷ, ನಾನು ಕಿವಿಯಾಗಿದ್ದೇನೆ, ಹತ್ತು, ಇಪ್ಪತ್ತು, ಸದ್ದು ಸಣ್ಣದಾಯಿತು, ಮನೆಗಳ ಹಿಂದೆ ಮರೆಯಾಯಿತು, ದೂರಕ್ಕೆ ಹೋಯಿತೋ ನಿಂತಿತೋ ತಿಳಿಯುತ್ತಿಲ್ಲ, ನನ್ನ ಬಾವುಟವೂ ಬಿತ್ತು, ತಳ್ಳುತ್ತಿದ್ದೇನೆ, ಹೊತ್ತಿಕೊಂಡಿತು, ಪೆಟ್ರೋಲ್ ಹರಿಯುತ್ತಿದೆ, ಅವನು ತೋರಿಸಿದ್ದಕ್ಕೆ ಹರಿಯುತ್ತಿದೆ, ರಸ್ತೆ ಎದ್ದು ಬರುತ್ತಿದೆ, ಗೋಡೆಗಳು, ಜನ, ಯಾರೋ ಕೈ ಬೀಸುತ್ತಿದ್ದಾರೆ, ನನಗೆ ಕಾಣುತ್ತಿರುವುದು ಬೆರಳು, ಕೈಗವಸಿನ ಬೆರಳು, ನನ್ನ ಕಡೆಗೆ ಚಾಚಿದ ಬೆರಳು